ನಾನೂರ ಹದಿಮೂರು ಗುಲಾಬಿ ಫೋಲ್ಡರು

ಸಾವಿಗೆ ಬಂದವರೆಲ್ಲ ಹೋದ ಮೇಲಿನ ಮೊದಲ ಬೆಳಗ್ಗೆ ಅತ್ತೆ ನನ್ನನ್ನು ಎಬ್ಬಿಸಿದರು. ನಲ್ಲಿಯಲ್ಲಿ ನೀರು ಬಂದಿದೆ, ಬಕೆಟ್ ಇಡು ಎಂದರು. ಇಟ್ಟೆ. ತುಂಬಿತು. ಇನ್ನೊಂದು ಇಟ್ಟೆ. ಅದೂ ತುಂಬಿತು. ಮೂರನೆಯದು ನನ್ನ ಗಂಡನ ಸ್ನಾನದ ಬಕೆಟ್. ಅದನ್ನೂ ತುಂಬಿಸಿಟ್ಟೆ. ಅತ್ತೆ ನೋಡಿದರು. ಆ ನೀರಿನಲ್ಲಿ ಮನೆ ಒರೆಸಿದರು.

ಚಹಾ ಕುಡಿದೆವು. ಇಬ್ಬರಿಗೂ ಅಳು ಬರಲಿಲ್ಲ. ಇಷ್ಟು ದಿನ ನೆಂಟರ ಮುಂದೆ ಅತ್ತು ಸಾಕಾಗಿದೆ, ಇವತ್ತು ರಜೆ ಎಂದರು ಅತ್ತೆ.

ನನ್ನ ಗಂಡನ ಚೀಲ ಬಾಗಿಲ ಹಿಂದಿನ ಮೊಳೆಯಲ್ಲಿತ್ತು. ಆಫೀಸಿನ ಕಾವಲುಗಾರ ತಂದುಕೊಟ್ಟಿದ್ದ. ಬಿಚ್ಚಿದೆ. ತೊಳೆದ ಊಟದ ಡಬ್ಬಿ. ಧೂಳು ಒರೆಸುವ ಬಟ್ಟೆ. ಬಟ್ಟೆಯೊಳಗೆ ಕಬ್ಬಿಣದ ಒಂದು ವಸ್ತು. ಗೇಣುದ್ದ, ಇಟ್ಟಿಗೆಯಷ್ಟು ಭಾರ. ಮೇಲೆ ಹಿಡಿ. ಕೆಳಗೆ ಶಾಯಿ ಮೆತ್ತಿದ ಅಂಕಿಗಳ ಚಕ್ರ. ಪಕ್ಕದಲ್ಲಿ ಉಗುರಿನಷ್ಟು ಒಂದು ಮುಳ್ಳು. ಆ ಮುಳ್ಳು ಎರಡು ಎಂಬ ಅಂಕಿಯ ಮೇಲೆ ನಿಂತಿತ್ತು.

ಮೇಜಿನ ಮೇಲಿದ್ದ ಹಳೆ ಪೇಪರಿನ ಅಂಚಿಗೆ ಇಟ್ಟು ಒತ್ತಿದೆ. ಠಕ್ ಎಂದಿತು. ನೇರಳೆ ಶಾಯಿಯಲ್ಲಿ 00413 ಎಂದು ಬಿತ್ತು. ಮತ್ತೆ ಒತ್ತಿದೆ. 00414. ಮತ್ತೆ ಒತ್ತಿದೆ. ಪುನಃ 00414. ಆಮೇಲೆ 00415. ಪುನಃ 00415.

"ಕೆಟ್ಟಿದೆ," ಎಂದರು ಅತ್ತೆ. "ಹೇಳಿದ್ದನ್ನೇ ಎರಡೆರಡು ಸಲ ಹೇಳ್ತಿದೆ. ನಿನ್ನ ಮಾವನ ಹಾಗೆ."

ನಾನೂರ ಹದಿಮೂರು ಮಾತ್ರ ಒಂದೇ ಸಲ ಬಿದ್ದಿತ್ತು. ಅದು ಕಣ್ಣಿಗೆ ಬಿತ್ತು. ತಲೆಗೆ ಹೋಗಲಿಲ್ಲ. ಆ ದಿನಗಳಲ್ಲಿ ತಲೆಗೆ ಏನೂ ಹೋಗುತ್ತಿರಲಿಲ್ಲ.

ಬಟ್ಟೆಯ ಮಡಿಕೆಯಲ್ಲಿ ಒಂದು ಚೀಟಿ ಇತ್ತು. ಅವರ ಅಕ್ಷರ. 'ನಂಬರಿಂಗ್ ಮಿಶಿನ್. ಪ್ರೆಸ್ಸಿನವರದು. ಎರಡು ದಿನದಲ್ಲಿ ವಾಪಸ್ ಕೊಡಬೇಕು.' ಕೆಳಗೆ ತಾರೀಖು. ಎರಡು ವರ್ಷ ಹಿಂದಿನದು.

ನಾನು ನಕ್ಕೆ. ಅವರು ಸತ್ತ ಮೇಲೆ ಅದೇ ಮೊದಲು.

ಎರವಲು ತಂದದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡ, ಇವತ್ತೇ ಕೊಟ್ಟು ಬಾ ಎಂದರು ಅತ್ತೆ. ಪ್ರೆಸ್ಸು ಆಫೀಸಿನ ಹಿಂದಿನ ರಸ್ತೆಯಲ್ಲಿದೆ. ಹೋದೆ. ಬೀಗ ಹಾಕಿತ್ತು. ಪ್ರೆಸ್ಸಿನ ಮುದುಕರು ಮಗಳ ಬಾಣಂತನಕ್ಕೆ ಹೋಗಿದ್ದಾರೆ, ಬರುವುದು ತಿಂಗಳಾಗುತ್ತದೆ ಎಂದರು ಪಕ್ಕದ ಅಂಗಡಿಯವರು. ಮುದುಕರಿಗೆ ಅಲ್ಲೇನು ಕೆಲಸ ಎಂದು ನಾನು ಕೇಳಲಿಲ್ಲ. ಮಿಶಿನ್ ಮತ್ತೆ ಚೀಲದೊಳಗೆ ಹೋಯಿತು.

ಅತ್ತೆ ಆ ಆಫೀಸಿನಲ್ಲಿ ಇಪ್ಪತ್ತಾರು ವರ್ಷದಿಂದ ಕಸ ಗುಡಿಸುತ್ತಾರೆ. ಅವರ ಮಗ ಒಂಬತ್ತು ವರ್ಷ ಅಲ್ಲಿನ ರೆಕಾರ್ಡ್ ರೂಮಿನಲ್ಲಿ ಕಡತ ಎತ್ತಿ ಇಳಿಸಿದರು. ಇಬ್ಬರೂ ದಿನಗೂಲಿ. ದಿನಗೂಲಿ ಎಂದರೆ ಇವತ್ತು ಇದ್ದಾರೆ, ನಾಳೆಯ ಮಾತು ನಾಳೆ. ಇಪ್ಪತ್ತಾರು ವರ್ಷ ಅತ್ತೆ ಇವತ್ತು ಇದ್ದರು.

ಅವರ ಮಗ ಏಣಿಯಿಂದ ಬಿದ್ದು ಸತ್ತರು. ರೆಕಾರ್ಡ್ ರೂಮಿನ ಏಣಿಗೆ ಮೇಲಿನಿಂದ ಮೂರನೇ ಮೆಟ್ಟಿಲಿಲ್ಲ. ಹಾಕಿಸಿಕೊಡಿ ಎಂದು ಎರಡು ಸಲ ಬರೆದುಕೊಟ್ಟಿದ್ದರು. ಯಾರೂ ಹಾಕಿಸಲಿಲ್ಲ. ಸತ್ತ ಮೂರನೇ ದಿನ ಆಫೀಸಿನಿಂದ ಒಂದು ಕಾಗದ ಬಂತು. ಮೃತರು ಈ ಕಚೇರಿಯ ನೌಕರರಲ್ಲ, ಅವರ ಹೆಸರಿನಲ್ಲಿ ಯಾವುದೇ ಕಡತ ಇರುವುದಿಲ್ಲ ಎಂದಿತ್ತು. ಓದಿ ಹೇಳಿದೆ. ಹಾಗಾದರೆ ಬಿದ್ದದ್ದು ಯಾರು ಎಂದು ಕೇಳಿದರು ಅತ್ತೆ.

ಅದೇ ಆಫೀಸು ಮರುವಾರ ಹೇಳಿ ಕಳಿಸಿತು. ಹಳೆಯ ಕಡತಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸುತ್ತಿದ್ದಾರೆ, ಯಾವ ಕಟ್ಟು ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ, ಮನೆಯಿಂದ ಯಾರಾದರೂ ಬರಲಿ. ನೌಕರನಲ್ಲದವನ ಜಾಗಕ್ಕೆ ಅವನ ಹೆಂಡತಿ ಬೇಕಾಗಿದ್ದಳು.

ಆ ಕೋಣೆ ನನಗೆ ಗೊತ್ತಿತ್ತು. ಇತಿಹಾಸದಲ್ಲಿ ಎಂ.ಎ. ಮಾಡುವಾಗ ಹಳೆಯ ಕಡತ ನೋಡಲು ಅಲ್ಲಿಗೆ ಹೋಗುತ್ತಿದ್ದೆ. ಬೇರೆಯವರು ನಾಳೆ ಬಾ ಎನ್ನುತ್ತಿದ್ದರು. ಇವರು ಕೇಳಿದ ಕಡತ ತಂದುಕೊಟ್ಟರು. ಮೂರನೇ ಸಲ ಕೇಳದ ಕಡತವನ್ನೂ ತಂದುಕೊಟ್ಟರು. ಐದನೇ ಸಲ ಕಡತವಿಲ್ಲದೆ ಸುಮ್ಮನೆ ಬಂದು ನಿಂತರು. ನಮ್ಮ ಮದುವೆಯ ಕಥೆ ಇಷ್ಟೇ.

ನಾನು ಮತ್ತು ಅತ್ತೆ ಹಿಂಬಾಗಿಲಿನಿಂದ ಒಳಗೆ ಹೋದೆವು. ಗುಡಿಸುವವರಿಗೆ ಮುಂಬಾಗಿಲಿಲ್ಲ. ಹಾಗೆಂದು ಎಲ್ಲೂ ಬರೆದಿಲ್ಲ. ಎಲ್ಲರಿಗೂ ಗೊತ್ತು.

ಆಫೀಸಿನ ಸೂಪರಿಂಟೆಂಡೆಂಟರಿಗೆ ಅತ್ತೆ ಇಟ್ಟ ಹೆಸರು ಪೆನ್ನಪ್ಪ. ಕಿವಿಯಲ್ಲಿ ಫೋನು, ಕೈಯಲ್ಲಿ ಪೆನ್ನು. ಮುಂದೆ ಬಂದ ಕಾಗದಕ್ಕೆಲ್ಲ ಸಹಿ. ಕಾಗದ ನೋಡುವುದಿಲ್ಲ, ಸಹಿಯ ಜಾಗ ಮಾತ್ರ ನೋಡುತ್ತಾರೆ. ಒಮ್ಮೆ ಚಹಾದಂಗಡಿಯ ಚೀಟಿಗೂ 'ಪರಿಶೀಲಿಸಲಾಗಿದೆ' ಎಂದು ಬರೆದು ಸಹಿ ಹಾಕಿದ್ದರಂತೆ. ಚಹಾದಂಗಡಿಯವನು ಅದಕ್ಕೆ ಚೌಕಟ್ಟು ಹಾಕಿಸಿ ಇಟ್ಟುಕೊಂಡಿದ್ದಾನೆ.

ಪೆನ್ನಪ್ಪ ನನ್ನನ್ನು ನೋಡಲಿಲ್ಲ. ಫೋನಿಗೆ ಕೈ ಅಡ್ಡ ಹಿಡಿದು ಅತ್ತೆಯನ್ನು ಕೇಳಿದರು, ಭಾರ ಎತ್ತುತ್ತಾಳಾ ಎಂದು. ಎತ್ತುತ್ತಾಳೆ ಎಂದರು ಅತ್ತೆ.

"ಓದೋಕೆ ಬರುತ್ತಾ?"

"ಸ್ವಲ್ಪ," ಎಂದೆ ನಾನು.

ಅತ್ತೆ ಗೋಡೆಯ ಕಡೆ ತಿರುಗಿದರು. ಅವರ ಬೆನ್ನು ಅಲುಗುತ್ತಿತ್ತು. ಮಗನನ್ನು ನೆನೆದು ಅಳುತ್ತಿದ್ದಾರೆ ಎಂದು ಪೆನ್ನಪ್ಪ ಅಂದುಕೊಂಡರು. ಸಮಾಧಾನ ಮಾಡಿಕೋ ಎಂದರು.

ಮೊದಲ ದಿನ ಪೆನ್ನಪ್ಪ ಎಲ್ಲರನ್ನೂ ಸೇರಿಸಿ ಭಾಷಣ ಮಾಡಿದರು. ಇನ್ನು ಕಾಗದವಿಲ್ಲ. ಎಲ್ಲವೂ ಸಿಸ್ಟಮಿನಲ್ಲಿ. ಅದರೊಳಗೆ ಹೋದದ್ದನ್ನು ಯಾರೂ ಅಳಿಸಲಾರರು, ತಿದ್ದಲಾರರು, ನಾನೂ ಕೂಡ. ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆಯೂ ತಟ್ಟಿದರು, ಪೊರಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು.

ಕೆಲಸ ಹೀಗಿತ್ತು. ನಲವತ್ತೊಂದು ಸಾವಿರ ಕಡತ. ಕಪಾಟಿನಿಂದ ಕಟ್ಟು ಇಳಿಸಬೇಕು. ಇಪ್ಪತ್ತೆರಡು ಮೆಟ್ಟಿಲು ಹೊತ್ತು ಹತ್ತಬೇಕು. ದಾರ ಬಿಚ್ಚಬೇಕು. ತುಕ್ಕು ಹಿಡಿದ ಪಿನ್ನು ಕೀಳಬೇಕು. ಮಡಿಸಿದ ಮೂಲೆ ನೇರ ಮಾಡಬೇಕು. ಹಾಳೆ ಒರೆಸಿ ಸ್ಕ್ಯಾನರಿನ ಪಕ್ಕ ಇಡಬೇಕು. ಸ್ಕ್ಯಾನ್ ಆದದ್ದನ್ನು ಹೊತ್ತು ಅಂಗಳಕ್ಕೆ ಹಾಕಬೇಕು. ಶುಕ್ರವಾರ ಲಾರಿ ಬರುತ್ತದೆ. ಲಾರಿಯಲ್ಲಿ ಹೋದದ್ದು ಚೂರಾಗುತ್ತದೆ.

ಪಿನ್ನು ಉಗುರಿನೊಳಗೆ ಹೋಗುತ್ತಿತ್ತು. ದಾರ ಬೆರಳು ಕೊಯ್ಯುತ್ತಿತ್ತು. ಕೆಮ್ಮಿದರೆ ಕಪ್ಪು ಬರುತ್ತಿತ್ತು. ಒಂಬತ್ತು ವರ್ಷ ಅವರು ಹೀಗೇ ಕೆಮ್ಮಿದ್ದರು. ನಾನು ಕಿಟಕಿ ಮುಚ್ಚುತ್ತಿದ್ದೆ, ಚಳಿ ಇರಬೇಕು ಎಂದು.

ಸ್ಕ್ಯಾನಿಂಗ್ ಕೋಣೆಯಲ್ಲಿ ನಾಲ್ಕು ಕುರ್ಚಿ. ಮೂರರಲ್ಲಿ ಟೈಪು ಮಾಡುವವರು. ನಾಲ್ಕನೆಯದು ಹೊಸದು, ಪ್ಲಾಸ್ಟಿಕ್ ಹೊದಿಕೆ ತೆಗೆದಿರಲಿಲ್ಲ. ಅದು ಇನ್‌ಸ್ಪೆಕ್ಷನ್ನಿಗೆ ಬರುವವರದು. ನಾನು ನೆಲದ ಮೇಲೆ. ಚಹಾ ಬಂದರೆ ಅವರ ಲೋಟ ತಟ್ಟೆಯಲ್ಲಿ. ನನ್ನದೂ ಅತ್ತೆಯದೂ ಕಿಟಕಿಯಲ್ಲಿ, ಫಿನಾಯಿಲ್ ಬಾಟಲಿಯ ಪಕ್ಕ.

ಆ ಮೂವರಲ್ಲಿ ಸ್ಕ್ಯಾನರ್ ನಡೆಸುವವರು ಗುತ್ತಿಗೆ ಕಂಪನಿಯ ಹೆಂಗಸು. ನಲವತ್ತರ ಮೇಲೆ. ಡ್ರಾಯರಿನ ತುಂಬ ಕಡಲೆಕಾಯಿ. ಎಲ್ಲರೂ ಆಪರೇಟರಕ್ಕ ಎನ್ನುತ್ತಿದ್ದರು. ಅವರು ಮೊದಲು ಸಿಸ್ಟಮಿಗೆ ಏರಿಸಿದ್ದು ರಿಜಿಸ್ಟರುಗಳನ್ನು. ಕಡತ ಬಂದ ದಿನ, ನಂಬರು, ವಿಷಯ ಬರೆದಿಡುವ ದಪ್ಪ ಪುಸ್ತಕಗಳು. ಆಮೇಲೆ ಒಂದೊಂದೇ ಕಡತ. ಪರದೆಯಲ್ಲಿ ನಂಬರಿನ ಜಾಗಕ್ಕೆ ಒಂದು ಕೆಂಪು ನಕ್ಷತ್ರ ಇರುತ್ತಿತ್ತು. ನಂಬರು ಹೊಡೆಯದಿದ್ದರೆ ಸಿಸ್ಟಮ್ ಒಪ್ಪುವುದಿಲ್ಲ.

ನಾಲ್ಕನೇ ದಿನ ಆಪರೇಟರಕ್ಕ ನೂರು ವರ್ಷ ಹಳೆಯ ಒಂದು ಕಾಗದ ಹಿಡಿದು ಕಣ್ಣು ಕಿರಿದು ಮಾಡಿದರು. ಅಕ್ಷರ ತಿಳಿಯುತ್ತಿರಲಿಲ್ಲ. ನಾನು ನೆಲದಿಂದಲೇ ಓದಿ ಹೇಳಿದೆ. ಇಸವಿಯನ್ನೂ ಹೇಳಿದೆ. ಆ ಇಸವಿಯಲ್ಲಿ ಇಂಥದ್ದೊಂದು ಕಾಗದ ಯಾಕೆ ಬಂತು ಎಂದೂ ಹೇಳಿದೆ.

"ಸ್ವಲ್ಪ ಓದಿದ್ದೀನಿ ಅಂದಿದ್ಯಂತೆ, ಸ್ವಲ್ಪ ಅಂದ್ರೆ ಎಷ್ಟು?"

"ಎಂ.ಎ.ವರೆಗೆ."

ಕಡಲೆಕಾಯಿ ಅವರ ನೆತ್ತಿಗೆ ಹತ್ತಿತು. ಬೆನ್ನು ತಟ್ಟಬೇಕಾಯಿತು. ಅಂದಿನಿಂದ ಪೆನ್ನಪ್ಪ ಊಟಕ್ಕೆ ಹೋದಾಗ ನಾನು ಆಪರೇಟರಕ್ಕನ ಕುರ್ಚಿಯಲ್ಲಿ ಕೂತು ಟೈಪು ಮಾಡುತ್ತಿದ್ದೆ. ಅವರು ನೆಲದ ಮೇಲೆ ಕಾಲು ಚಾಚಿ ಪಿನ್ನು ಕೀಳುತ್ತಿದ್ದರು. ಸೊಂಟಕ್ಕೆ ಒಳ್ಳೆಯದು ಎನ್ನುತ್ತಿದ್ದರು.

ನಾಲ್ಕನೇ ವಾರ ಮೆಟ್ಟಿಲ ಕೆಳಗಿನ ಗೂಡಿಗೆ ಕೈ ಹಾಕಿದೆ. ಪಾಯಿಖಾನೆಯ ಗೋಡೆಗೆ ಅಂಟಿದ ಜಾಗ. ಅಲ್ಲಿ ಏಳು ಗೋಣಿಚೀಲ. ಒಳಗೆ ಗುಲಾಬಿ ಬಣ್ಣದ ಫೋಲ್ಡರುಗಳು. ಯಾರೋ ತಪ್ಪು ಬಣ್ಣ ತರಿಸಿ, ಕಚೇರಿಗೆ ಗುಲಾಬಿ ಒಪ್ಪುವುದಿಲ್ಲ ಎಂದು ಮೂಲೆಗೆ ಹಾಕಿದ್ದ ಫೋಲ್ಡರುಗಳು. ನನ್ನ ಗಂಡ ಅದನ್ನು ಮನೆಯಲ್ಲಿ ಹೇಳಿ ನಗುತ್ತಿದ್ದರು.

ಮೇಲಿನದನ್ನು ಬಿಚ್ಚಿದೆ. ಒಂದು ಫೋಟೋ. ಇಪ್ಪತ್ತೈದರ ಹೆಂಗಸು, ಚೂಪು ಮೂಗು. ಅದರ ಕೆಳಗೆ ಹಾಜರಿ ಚೀಟಿಗಳು. ಹೆಬ್ಬೆಟ್ಟು ಒತ್ತಿದ ಅರ್ಜಿಗಳು. ಆಸಿಡ್ ಬಿದ್ದು ಕಾಲು ಸುಟ್ಟಾಗ ಬರೆದ ಚೀಟಿ. ಎಲ್ಲವೂ ವರ್ಷದ ಕ್ರಮದಲ್ಲಿ. ಕೊನೆಯ ರಟ್ಟಿನ ಒಳಬದಿಯಲ್ಲಿ ನೇರಳೆ ಶಾಯಿ. 00001.

ಅತ್ತೆಯನ್ನು ಕರೆದೆ. ಅವರು ಫೋಟೋ ಹಿಡಿದು ಬಹಳ ಹೊತ್ತು ನೋಡಿದರು.

"ಈ ಮೂಗು ಯಾರದು?"

"ನಿಮ್ಮದೇ."

"ಇಷ್ಟು ಚೆನ್ನಾಗಿತ್ತಾ?"

ಆಫೀಸು ದಿನಗೂಲಿಗಳಿಗೆ ಫೈಲು ಮಾಡಿರಲಿಲ್ಲ. ಕಾಗದ ಬಂದರೆ ಗೋಣಿಗೆ ತುಂಬುತ್ತಿದ್ದರು. ನನ್ನ ಗಂಡ ಎರಡು ವರ್ಷ ಆ ಗೋಣಿ ಸುರಿದು, ಒಬ್ಬೊಬ್ಬರ ಕಾಗದ ಹೆಕ್ಕಿ, ಒಬ್ಬೊಬ್ಬರಿಗೆ ಒಂದು ಫೋಲ್ಡರು ಮಾಡಿದ್ದರು. ಗುಡಿಸುವವರು. ಚರಂಡಿ ತೆಗೆಯುವವರು. ಹೊರೆ ಹೊರುವವರು. ಅಮ್ಮನಿಂದ ಶುರು ಮಾಡಿದ್ದರು. ಎಷ್ಟು ವರ್ಷ ದುಡಿದೆ ಎಂದು ಯಾರಾದರೂ ಕೇಳಿದರೆ ತೋರಿಸಲು ಈ ಜನಕ್ಕೆ ಬೇರೆ ಏನೂ ಇರಲಿಲ್ಲ.

ಏಳನೇ ಚೀಲದ ಕೊನೆಯ ಫೋಲ್ಡರು ಅವರದೇ. ಏಣಿಯ ಮೆಟ್ಟಿಲಿಗಾಗಿ ಕೊಟ್ಟ ಎರಡು ಅರ್ಜಿಗಳ ನಕಲು ಅದರಲ್ಲಿತ್ತು. ರಟ್ಟಿನ ಒಳಗೆ 00413.

ಚೀಲಗಳನ್ನು ಮೇಲೆ ತಂದಿಟ್ಟೆ. ಶುಕ್ರವಾರವಾಗಿತ್ತು. ಲಾರಿ ಅಂಗಳದಲ್ಲಿ ನಿಂತಿತ್ತು. ಪೆನ್ನಪ್ಪ ಬಂದರು. ಒಂದು ಫೋಲ್ಡರನ್ನು ಬೂಟಿನ ತುದಿಯಿಂದ ತೆರೆದು ನೋಡಿದರು.

ಕಚೇರಿ ಕೊಟ್ಟ ನಂಬರು ಇಲ್ಲ, ಹಾಗಾಗಿ ಇವು ಕಡತ ಅಲ್ಲ ಎಂದರು. ನಂಬರು ಇದೆ ಎಂದು ತೋರಿಸಿದೆ. ಇದು ಯಾರೋ ಗುದ್ದಿದ್ದು, ಇಂಥ ಗುದ್ದು ಸಂತೆಯಲ್ಲೂ ಸಿಗುತ್ತದೆ ಎಂದರು. ಆಮೇಲೆ ಅತ್ತೆಯ ಕಡೆಗೂ ನನ್ನ ಕಡೆಗೂ ಒಂದೇ ಬೆರಳು ತೋರಿಸಿದರು.

"ಕಸ. ಇಬ್ಬರೂ ಎತ್ತಿ ಲಾರಿಗೆ ಹಾಕಿ."

ಬೂಟಿನ ಕೆಳಗೆ ಅತ್ತೆಯ ಫೋಟೋ ಇತ್ತು. ಇಪ್ಪತ್ತಾರು ವರ್ಷವನ್ನು ಅತ್ತೆಯೇ ಎತ್ತಿ ಹಾಕಬೇಕಿತ್ತು. ಗಂಡನನ್ನು ನಾನು ಎತ್ತಿ ಹಾಕಬೇಕಿತ್ತು. ಒಂದು ಸಲ ಎತ್ತಿ ಕಳಿಸಿಯಾಗಿತ್ತು.

"ಎತ್ತಲ್ಲ," ಎಂದೆ.

ಪೆನ್ನಪ್ಪ ಫೋನು ಕಿವಿಯಿಂದ ತೆಗೆದರು. "ಏನು?"

"ಎತ್ತಲ್ಲ ಸಾರ್."

ಅಷ್ಟು ಚೆನ್ನಾಗಿ ಹೇಳಿ ಎರಡನೇ ಸಲ ಸಾರ್ ಯಾಕೆ ಸೇರಿಸಿದೆ ಎಂದು ಅತ್ತೆ ಈಗಲೂ ಬೈಯುತ್ತಾರೆ.

ಏಳು ಚೀಲ ಹೊತ್ತು ತಂದಿದ್ದೆ. ಕೂರಬೇಕಿತ್ತು. ಹತ್ತಿರ ಇದ್ದದ್ದು ನಾಲ್ಕನೇ ಕುರ್ಚಿ. ಕೂತೆ. ಪ್ಲಾಸ್ಟಿಕ್ ಹೊದಿಕೆ ಚರಪರ ಎಂದಿತು. ಇಡೀ ಕೋಣೆ ನನ್ನನ್ನು ನೋಡಿತು. ಏಳು ಎಂದರು ಪೆನ್ನಪ್ಪ. ಏಳಲಿಲ್ಲ. ಅದು ನಿನ್ನ ಕುರ್ಚಿಯಲ್ಲ ಎಂದರು. ಗೊತ್ತು ಎಂದೆ.

ಅತ್ತೆ ಬಗ್ಗಿ ಬೂಟಿನ ಕೆಳಗಿನಿಂದ ಫೋಟೋ ಎಳೆದುಕೊಂಡರು. ಸೆರಗಿನಲ್ಲಿ ಒರೆಸಿದರು. ಪೊರಕೆಯನ್ನು ಪೆನ್ನಪ್ಪನ ಕಾಲ ಬಳಿ ಮಲಗಿಸಿದರು.

"ಕಸ ಯಾವುದು, ಯಾವುದಲ್ಲ ಅಂತ ಈ ಆಫೀಸಲ್ಲಿ ಇಪ್ಪತ್ತಾರು ವರ್ಷದಿಂದ ನಾನೇ ಹೇಳ್ತಿದ್ದೀನಿ. ಇದು ಕಸ ಅಲ್ಲ."

ಮಾತು ಮಹಡಿಯಿಂದ ಮಹಡಿಗೆ ಹೋಯಿತು. ಅರ್ಧ ಗಂಟೆಯಲ್ಲಿ ಎಲ್ಲ ಪೊರಕೆಗಳೂ ಮಲಗಿದವು. ಗುಡಿಸುವವರು, ಚರಂಡಿಯವರು, ಹೊರೆಯವರು ಒಬ್ಬೊಬ್ಬರಾಗಿ ಬಂದು ಮೆಟ್ಟಿಲ ಮೇಲೆ ಕೂತರು. ಎಲ್ಲರೂ ಮುಂಬಾಗಿಲಿನಿಂದ ಬಂದರು. ಹಿಂಬಾಗಿಲು ದೂರ ಆಗುತ್ತಿತ್ತಂತೆ. ಲಾರಿಯ ಡ್ರೈವರ್ ಸೀಟಿನಲ್ಲೇ ಮಲಗಿ ಗೊರಕೆ ಹೊಡೆದ. ಆಪರೇಟರಕ್ಕ ಸ್ಕ್ಯಾನರ್ ಬಿಸಿಯಾಗಿದೆ ಎಂದು ಹೇಳಿ ಸ್ವಿಚ್ಚು ಆರಿಸಿದರು. ಮುಟ್ಟಿ ನೋಡಿದೆ. ತಣ್ಣಗಿತ್ತು.

ಬರುವ ಸೋಮವಾರ ಮೇಲಿನ ಕಚೇರಿಯಿಂದ ಇನ್‌ಸ್ಪೆಕ್ಷನ್ ಇತ್ತು. ಪೆನ್ನಪ್ಪ ಒಂದು ಸುತ್ತು ಬೆದರಿಸಿದರು. ಒಂದು ಸುತ್ತು ಪುಸಲಾಯಿಸಿದರು. ಮಧ್ಯಾಹ್ನದ ಹೊತ್ತಿಗೆ ಪಾಯಿಖಾನೆಯ ಸ್ಥಿತಿ ಅವರಿಗೂ ಗೊತ್ತಾಯಿತು. ಮುಖ ಒರೆಸಿಕೊಂಡು ಬಂದು ಎಲ್ಲರ ಮುಂದೆ ಹೇಳಿದರು.

"ನಂಬರು ಕಚೇರಿಯ ರಿಜಿಸ್ಟರಲ್ಲಿ ಇರಬೇಕು, ಕೆಳಗೆ ಅಧಿಕಾರಿಯ ಸಹಿ ಇರಬೇಕು. ಅದು ಕಾನೂನು. ಇದ್ರೆ ತೋರ್ಸು. ಈಗಲೇ ಒಪ್ಕೋತೀನಿ."

ಇಲ್ಲ ಎಂದು ಅವರಿಗೆ ಖಾತ್ರಿ ಇತ್ತು. ಎರಡು ವರ್ಷದ ಹಳೆಯ ರಿಜಿಸ್ಟರುಗಳು ಮೊದಲ ವಾರದ ಲಾರಿಯಲ್ಲೇ ಚೂರಾಗಿದ್ದವು. ನಾನೇ ಹೊತ್ತು ಹಾಕಿದ್ದೆ.

ಆಗ ಪೇಪರಿನ ಅಂಚು ನೆನಪಾಯಿತು. ಮುಳ್ಳು ಎರಡರ ಮೇಲಿತ್ತು. ಆ ಮಿಶಿನ್ ಪ್ರತಿ ನಂಬರನ್ನೂ ಎರಡು ಸಲ ಒತ್ತುತ್ತದೆ, ಆಮೇಲೆ ಮುಂದಿನದಕ್ಕೆ ಹೋಗುತ್ತದೆ. ಫೋಲ್ಡರಿನಲ್ಲಿ ಒಂದೇ ಇದೆ. ಇನ್ನೊಂದು ಎಲ್ಲಿ? ನನ್ನ ಗಂಡ ಸುಮ್ಮನೆ ಶಾಯಿ ದಂಡ ಮಾಡುವವರಲ್ಲ. ದಿನಾ ಸಂಜೆ ರಿಜಿಸ್ಟರನ್ನು ಸಹಿಗೆ ಪೆನ್ನಪ್ಪನ ಮೇಜಿಗೆ ಒಯ್ಯುತ್ತಿದ್ದವರು ಅವರೇ.

ರಿಜಿಸ್ಟರಿನ ಹಾಳೆಗಳನ್ನು ಪರದೆಗೆ ತರಿಸಿ ಎಂದು ಆಪರೇಟರಕ್ಕನಿಗೆ ಹೇಳಿದೆ. ಸ್ಕ್ಯಾನರ್ ಬಿಸಿಯಾಗಿತ್ತು, ಕಂಪ್ಯೂಟರ್ ಆಗಿರಲಿಲ್ಲ. ಅವರು ತಂದರು. ಎರಡು ವರ್ಷ ಹಿಂದಿನ ಒಂದು ಪುಟ. ಎಡ ಅಂಚಿನಲ್ಲಿ ನೇರಳೆ ಬಣ್ಣ. 00001. ಎದುರಿಗೆ ನನ್ನ ಗಂಡನ ಸಣ್ಣ ಅಕ್ಷರ, ಅತ್ತೆಯ ಹೆಸರು, 'ವೈಯಕ್ತಿಕ ಕಡತ ತೆರೆಯಲಾಗಿದೆ'. ಪುಟದ ಕೆಳಗೆ 'ಪರಿಶೀಲಿಸಲಾಗಿದೆ'. ಅದರ ಕೆಳಗೆ ಸಹಿ. ಉದ್ದ ಬಾಲದ ಸಹಿ. ಆ ಬಾಲ ಆಫೀಸಿನಲ್ಲಿ ಎಲ್ಲರಿಗೂ ಗೊತ್ತು.

ಪೆನ್ನಪ್ಪ ಪರದೆಯ ಹತ್ತಿರ ಬಂದರು. ಮುಂದಿನ ಪುಟ. ಸಹಿ. ಅದರ ಮುಂದಿನದು. ಸಹಿ. ಒಂದೇ ಒಂದು ದಿನ ಅವರು ಓದಿದ್ದರೂ ಸಿಕ್ಕಿಬೀಳುತ್ತಿದ್ದರು ನನ್ನ ಗಂಡ. ಎರಡು ವರ್ಷ ಬೀಳಲಿಲ್ಲ.

"ಅಳಿಸಿ ಅದನ್ನ," ಎಂದರು ಪೆನ್ನಪ್ಪ. ದನಿ ಸಣ್ಣಗಾಗಿತ್ತು.

"ಆಗಲ್ಲ ಸಾರ್," ಎಂದರು ಆಪರೇಟರಕ್ಕ, ಕಡಲೆಕಾಯಿ ಸುಲಿಯುತ್ತ. "ಒಳಗೆ ಹೋಗಿದ್ದು ಹೋಗಿದ್ದೇ. ಮೊದಲ ದಿನ ನೀವೇ ಹೇಳಿದ್ರಿ. ನಾವು ಚಪ್ಪಾಳೆ ಬೇರೆ ತಟ್ಟಿದ್ವಿ."

ಸಂಜೆಯವರೆಗೆ ಹಾಜರಿ ಕರೆದೆ. ಪರದೆಯಲ್ಲಿ ನಂಬರು ನೋಡಿ ಹೆಸರು ಓದುತ್ತಿದ್ದೆ. ಮೆಟ್ಟಿಲ ಮೇಲಿನಿಂದ ಇದ್ದೀನಿ ಎಂದು ಕೂಗುತ್ತಿದ್ದರು. ಆಪರೇಟರಕ್ಕ ಫೋಲ್ಡರಿನ ಜೊತೆ ತಾಳೆ ನೋಡುತ್ತಿದ್ದರು. ಎದ್ದು ನಿಂತು ಕೂಗಿದವರಿದ್ದರು. ಎರಡು ಸಲ ಕೂಗಿದವರಿದ್ದರು. ಒಬ್ಬ ಚರಂಡಿಯವನು ಬೇರೆಯವರ ಹೆಸರಿಗೂ ಇದ್ದೀನಿ ಎಂದು ಬೈಸಿಕೊಂಡ. ನಡುನಡುವೆ ಯಾರೂ ಉತ್ತರ ಕೊಡದ ಹೆಸರು ಬರುತ್ತಿತ್ತು. ಆಗ ಅತ್ತೆ ಹೇಳುತ್ತಿದ್ದರು.

"ಹೋಗಿದ್ದಾನೆ. ಆದ್ರೆ ಇದ್ದ."

ನಾನೂರ ಹನ್ನೆರಡು ಮುಗಿಯಿತು. ನಾನೂರ ಹದಿಮೂರು ರಿಜಿಸ್ಟರಿನಲ್ಲಿ ಇರಲಿಲ್ಲ. ಅವರು ಸತ್ತ ದಿನದ ಪುಟ ಪೆನ್ನಪ್ಪನ ಮೇಜಿನ ಮೇಲಿದ್ದ ಈಗಿನ ರಿಜಿಸ್ಟರಿನಲ್ಲಿತ್ತು. ತೆರೆದರು. ಅಂಚು ಖಾಲಿ. ಅಂದು ಬೆಳಗ್ಗೆ ತಮ್ಮ ಫೋಲ್ಡರಿಗೆ ನಂಬರು ಒತ್ತಿದ್ದರು. ಸಂಜೆ ರಿಜಿಸ್ಟರಿಗೆ ಒತ್ತಬೇಕಿತ್ತು. ಮಧ್ಯಾಹ್ನ ಬಿದ್ದರು.

ಪೆನ್ನಪ್ಪನಿಗೆ ಉಸಿರು ಬಂತು. ನಾನೂರ ಹನ್ನೆರಡು ಒಪ್ಪುತ್ತೇನೆ, ಇವತ್ತೇ ಏರಿಸಿ ಎಂದರು. ಆಮೇಲೆ ನನ್ನ ಕಡೆ ತಿರುಗಿ ಮೆತ್ತಗೆ ಹೇಳಿದರು.

"ಇದೊಂದು ಬಿಡಮ್ಮ. ಸತ್ತವನಿಗೆ ಫೈಲು ಯಾಕೆ?"

ಮೊದಲ ಸಲ ಅಮ್ಮ ಎಂದಿದ್ದರು. ಮೆಟ್ಟಿಲ ಮೇಲೆ ಯಾರೂ ಏಳಲಿಲ್ಲ. ಎದ್ದಿದ್ದರೆ ತಪ್ಪಿರಲಿಲ್ಲ, ಅವರ ಕೆಲಸ ಆಗಿತ್ತು. ನನ್ನನ್ನೇ ನೋಡುತ್ತ ಕೂತಿದ್ದರು.

ಬಿಡಲ್ಲ ಎಂದೆ. ಈ ಸಲ ಸಾರ್ ಸೇರಿಸಲಿಲ್ಲ. ಮಿಶಿನ್ ಎರಡು ಸಲ ಒತ್ತುತ್ತದೆ. ಎರಡನೇ ಒತ್ತು ಈ ಅಂಚಿಗೆ ಬೀಳಬೇಕಿತ್ತು. ಅದನ್ನು ನನಗೆ ತಿಳಿಯದೆ ನಾನೇ ನಮ್ಮ ಮನೆಯ ಪೇಪರಿನ ಮೇಲೆ ಒತ್ತಿದ್ದೇನೆ. ನಾಳೆ ಬೆಳಗ್ಗೆ ತರುತ್ತೇನೆ. ಅಲ್ಲಿಯವರೆಗೆ ಈ ಕುರ್ಚಿಯ ಮೇಲೆ ನನ್ನ ಚೀಲ ಇರುತ್ತದೆ.

ಮನೆ ತಲುಪಿದ ಮೇಲೆ ಅತ್ತೆ ಮೆಲ್ಲಗೆ ಹೇಳಿದರು, ಆ ಪೇಪರನ್ನು ಅಡುಗೆಮನೆಯ ಗೂಡಿಗೆ ಹಾಸಿದ್ದೇನೆ ಎಂದು. ಡಬ್ಬಿಗಳನ್ನೆಲ್ಲ ಇಳಿಸಿದೆವು. ಎಣ್ಣೆ ಸೀಸೆ ಕೂತ ಗುಂಡು ಕಲೆ. ಕಲೆಯ ನಡುವೆ, ಸ್ವಲ್ಪ ಹರಡಿದ್ದರೂ ಓದುವ ಹಾಗೆ, 00413. ಸಾಲಾಗಿ ಎರಡು 414, ಎರಡು 415.

"ನನ್ನ ಎಣ್ಣೆ ಕಾದಿದೆ ನೋಡು," ಎಂದರು ಅತ್ತೆ.

ಮರುದಿನ ಆ ಪಟ್ಟಿಯನ್ನು ಇಡಿಯಾಗಿ ಕತ್ತರಿಸಿ ಅವರು ಸತ್ತ ದಿನದ ಪುಟದ ಅಂಚಿಗೆ ಅಂಟಿಸಿದೆ. ಎದುರಿಗೆ ಹೇಗೆ ಬಿತ್ತು, ಎಲ್ಲಿ ಬಿತ್ತು, ಯಾರ ಕೈಯಿಂದ ಬಿತ್ತು ಎಂದು ಬರೆದು ನನ್ನ ಹೆಸರು ಹಾಕಿದೆ. ಸುಳ್ಳು ಒಂದೂ ಬರೆಯಲಿಲ್ಲ. ರಿಜಿಸ್ಟರನ್ನು ಪೆನ್ನಪ್ಪನ ಮುಂದೆ ಇಟ್ಟೆ. ಅವರು ಅಭ್ಯಾಸಬಲದಿಂದ ಪೆನ್ನು ತೆಗೆದರು. ಪುಟದ ಬುಡಕ್ಕೆ ಕೈ ಹೋಯಿತು. ಅಲ್ಲಿ ನಿಂತಿತು.

ಪೆನ್ನು ಕೆಳಗಿಟ್ಟರು. ಕನ್ನಡಕ ಹುಡುಕಿದರು. ಡ್ರಾಯರಿನಲ್ಲಿ ಅದರ ಡಬ್ಬಿ ಅಂಟಿಕೊಂಡಿತ್ತು, ಬಿಡಿಸಲು ಹೊತ್ತು ಹಿಡಿಯಿತು. ಓದಿದರು. ಏಣಿಯ ಎರಡು ಅರ್ಜಿಗಳನ್ನು ಫೋಲ್ಡರಿನಿಂದ ತೆಗೆದು ಕೊಟ್ಟೆ. ಅವನ್ನೂ ಓದಿದರು. ಎರಡರ ಮೇಲೂ ಅವರದೇ ಬರಹ, 'ಪರಿಶೀಲಿಸಲಾಗಿದೆ'. ಅವರು ನನ್ನನ್ನು ನೋಡಲಿಲ್ಲ. ಸಹಿ ಹಾಕಿದರು. ಬಾಲ ಸ್ವಲ್ಪ ಗಿಡ್ಡವಾಗಿತ್ತು.

ನನ್ನ ಗಂಡನ ಫೋಲ್ಡರನ್ನು ನಾನೇ ಏರಿಸಿದೆ, ನಾಲ್ಕನೇ ಕುರ್ಚಿಯಲ್ಲಿ ಕೂತು. ನಂಬರು ಹೊಡೆದೆ. ಕೆಂಪು ನಕ್ಷತ್ರ ಹೋಯಿತು. ಹುದ್ದೆ ಎಂಬ ಜಾಗ ಬಂತು. ಕೂಲಿ ಎಂದು ಹಾಕು ಎಂದರು ಹಿಂದಿನಿಂದ ಯಾರೋ. ನಾನು 'ದಾಖಲೆಪಾಲಕ' ಎಂದು ಹಾಕಿದೆ. ಸಿಸ್ಟಮ್ ಒಪ್ಪಿತು. ಆಪರೇಟರಕ್ಕ ಕುರ್ಚಿಯ ಪ್ಲಾಸ್ಟಿಕ್ ಹೊದಿಕೆ ಕಿತ್ತು ಕಸದ ಬುಟ್ಟಿಗೆ ಎಸೆದರು. ಅದು ಕಸ ಹೌದು ಎಂದರು ಅತ್ತೆ, ಪೊರಕೆ ಎತ್ತಿಕೊಂಡರು.

ನೌಕರರಲ್ಲ ಎಂದ ಕಾಗದವನ್ನು ವಾಪಸ್ ಪಡೆಯಿರಿ ಎಂದು ಸೋಮವಾರ ಬರೆದುಕೊಟ್ಟೆ. ಏಣಿಗೂ ಬರೆದುಕೊಟ್ಟೆ. ಆ ಕಾಗದದ ಉತ್ತರ ಇನ್ನೂ ಬರಬೇಕು. ಏಣಿಗೆ ಮೆಟ್ಟಿಲು ಬಂದಿದೆ. ದಿನಾ ಮೊದಲು ಅದನ್ನು ಕಾಲಿನಿಂದ ಒದ್ದು ನೋಡಿಯೇ ಹತ್ತುತ್ತೇನೆ.

ಆ ವಾರವೇ ಪ್ರೆಸ್ಸಿನ ಬಾಗಿಲು ತೆರೆಯಿತು. ಕೆಲಸ ಮುಗಿಸಿ ನಾನೂ ಅತ್ತೆಯೂ ಹೋದೆವು. ಪ್ರೆಸ್ಸಿನ ಮುದುಕರು ಮೊಮ್ಮಗಳ ಫೋಟೋ ತೋರಿಸಿದರು, ಆಮೇಲೆ ನಾವು ಯಾರು ಎಂದು ಕೇಳಿದರು. ಬಟ್ಟೆ ಬಿಚ್ಚಿ ಮಿಶಿನ್ ಮೇಜಿನ ಮೇಲಿಟ್ಟೆ. ಅವರ ಹುಬ್ಬು ಮೇಲೇರಿತು. ಎರಡು ದಿನಕ್ಕೆ ಎಂದು ಒಯ್ದ ಆಸಾಮಿ, ಎರಡು ವರ್ಷ ಈ ಬೀದಿಯಲ್ಲಿ ತಲೆತಪ್ಪಿಸಿಕೊಂಡು ಓಡಾಡಿದ, ಅವನೇ ಬರಲಿ, ಕಿವಿ ಹಿಂಡುತ್ತೇನೆ ಎಂದರು. ಬರುವುದಿಲ್ಲ ಎಂದೆ. ಯಾಕೆ ಎಂದು ಹೇಳಿದೆ. ಅವರ ಕೈ ಮುಂದಕ್ಕೆ ಬಂತು. ಮಿಶಿನ್ ಒರೆಸಿತು, ಎಣ್ಣೆ ಬಿಟ್ಟಿತು, ರದ್ದಿ ಕಾಗದದ ಮೇಲೆ ಒತ್ತಿ ನೋಡಿತು. 00416. ಮತ್ತೆ 00416.

"ಎರಡಕ್ಕಿಟ್ಟಿದ್ದಾನೆ," ಎಂದು ಮುಳ್ಳನ್ನು ಒಂದಕ್ಕೆ ಸರಿಸಿದರು. ಒತ್ತಿದರು. 00417. ಒತ್ತಿದರು. 00418. "ಈಗ ಸರಿ. ಅಲ್ಲಮ್ಮ, ಇಷ್ಟು ದಿನ ಯಾಕೆ ಇಟ್ಕೊಂಡಿದ್ದ?"

"ಕೆಲಸ ಮುಗಿದಿರಲಿಲ್ಲ."

"ಈಗ ಮುಗೀತಾ?"

"ಅವರದು ಮುಗೀತು."

ಅತ್ತೆ ಬಾಗಿಲಲ್ಲಿ ನಿಂತು ಬಸ್ಸು ಬಂತು ಎಂದರು. ನಾನು ಹೊರಡಲಿಲ್ಲ. ಮಿಶಿನ್ ವಾಪಸ್ ಬಂತು ಎಂದು ಒಂದು ಚೀಟಿ ಬರೆದುಕೊಡಿ ಎಂದೆ. ಮುದುಕರು ನಕ್ಕರು. ಹಳೆ ಕಬ್ಬಿಣಕ್ಕೆ ಚೀಟಿ ಯಾಕೆ ಎಂದರು. ನನ್ನ ಗಂಡನ ಫೋಲ್ಡರಿನಲ್ಲಿ ಇರಬೇಕು ಎಂದೆ. ಬರೆಯಲು ಅವರಿಗೆ ಬೇಸರ, ಬಿಳಿ ಚೀಟಿಯೊಂದನ್ನು ನನ್ನ ಕಡೆ ತಳ್ಳಿದರು. ನಾನೇ ಬರೆದೆ. ನಂಬರು ಅವರು ಒತ್ತಿದರು. ಠಕ್. 00419, ಒಂದೇ ಸಲ. ಬಸ್ಸು ಹಾರನ್ ಹೊಡೆಯಿತು. ಅವರು ಅವಸರದಲ್ಲಿ ಪೆನ್ನು ತೆಗೆದು ಚೀಟಿಯ ಬುಡ ಹುಡುಕಿದರು.

ಚೀಟಿಯ ಮೇಲೆ ಕೈ ಇಟ್ಟೆ.

"ಓದಿ ಸಹಿ ಹಾಕಿ," ಎಂದೆ.